ಹುಟ್ಟಿನಿಂದಲೇ ಖಾಲಿ

ಬಾಟಲಿಗೆ ಭುಜವಿರುತ್ತದೆ ಎಂದು ನಾನು ಹೇಳಿದರೆ ನೀವು ನಗಬಾರದು. ಭುಜವಿರುತ್ತದೆ, ಕತ್ತಿರುತ್ತದೆ, ತುಟಿಯಿರುತ್ತದೆ, ತಳದಲ್ಲಿ ಹೆಬ್ಬೆರಳು ತೂರುವಷ್ಟು ಗುಳಿಯೂ ಇರುತ್ತದೆ. ಗಾಜಿನ ಕಾರ್ಖಾನೆಯ ಪ್ಯಾಕಿಂಗ್ ಷೆಡ್ಡಿನಲ್ಲಿ ನನ್ನ ಕೆಲಸವೇ ಅದು. ಕುಲುಮೆಯಿಂದ ಹೊರಬಂದು ತಣ್ಣಗಾದ ಬಾಟಲಿಗಳನ್ನು ಭುಜ ನೋಡಿ ಬೇರೆ ಮಾಡಿ ರಟ್ಟಿನ ಪೆಟ್ಟಿಗೆಗೆ ಇಳಿಸುವುದು. ಕವಾಯತಿನ ಸಿಪಾಯಿಯ ಹಾಗೆ ಭುಜ ಎತ್ತಿ ನಿಂತಿದ್ದರೆ ಬೋರ್ಡೋ. ಸಾಹೇಬರಿಂದ ಬೈಸಿಕೊಂಡು ಬಂದ ಗುಮಾಸ್ತನ ಹಾಗೆ ಭುಜ ಇಳಿಬಿಟ್ಟಿದ್ದರೆ ಬರ್ಗಂಡಿ. ಭುಜವೇ ಇಲ್ಲದೆ ಉದ್ದಕ್ಕೆ ಬೆಳೆದಿದ್ದರೆ ಅಲ್ಸಾಸ್. ಇವೆಲ್ಲ ಊರಿನ ಹೆಸರೋ, ಯಾರಾದರೂ ದೊಡ್ಡ ಮನುಷ್ಯರ ಹೆಸರೋ ನನಗೆ ಗೊತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ಹಾಗೆ ಅಚ್ಚಾಗಿತ್ತು, ನಾನು ಹಾಗೆ ಇಳಿಸುತ್ತಿದ್ದೆ. ಆ ಬಾಟಲಿಯೊಳಗೆ ಮುಂದೆ ಏನು ಬೀಳುತ್ತದೆ ಎಂಬುದು, ಮದುವೆ ಮಾಡಿಕೊಟ್ಟ ಮಗಳ ಮನೆಯ ವಿಷಯದ ಹಾಗೆ, ನಾನು ತಲೆಹಾಕಬಾರದ ಸಂಗತಿ ಎಂದುಕೊಂಡಿದ್ದೆ.

ಷೆಡ್ಡಿನಲ್ಲಿ ದಿನವಿಡೀ ಗಾಜಿಗೆ ಗಾಜು ತಾಗುವ ಸದ್ದು. ಅದನ್ನು ಕೇಳಿ ಕೇಳಿ ನನ್ನ ಕಿವಿ ಮನೆಗೆ ಬಂದ ಮೇಲೂ ಗುಂಯ್‌ಗುಡುತ್ತಿತ್ತು. ಹೀಗಾಗಿ ನನ್ನ ಹೆಂಡತಿ ನನ್ನ ಜೊತೆ ಕೂಗಿ ಮಾತಾಡಬೇಕಾಯಿತು. ಅವಳೋ ಪಿಸುಗುಟ್ಟಿದಷ್ಟು ಮೆತ್ತಗೆ ಮಾತಾಡುತ್ತಿದ್ದ ಮನೆತನದವಳು. ಈಗ ಅವಳು "ರೀ, ಉಪ್ಪು ಮುಗಿದಿದೆ!" ಎಂದು ನನಗೆ ಹೇಳಿದರೆ ಕೆಳಗಿನ ಮನೆಯ ಟೈಲರಮ್ಮ ಒಂದು ಬಟ್ಟಲು ಉಪ್ಪು ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ನಮ್ಮ ಸಂಸಾರದಲ್ಲಿ ಗುಟ್ಟು ಎಂಬುದೇ ಉಳಿದಿರಲಿಲ್ಲ.

"ಷೆಡ್ ಬಿಡಿ, ಗುಂಯ್ ಬಿಡುತ್ತೆ," ಎಂದಿದ್ದರು ಕಿವಿಯ ಡಾಕ್ಟರು. "ಷೆಡ್ ಬಿಡದೆ ನನ್ನ ಹತ್ತಿರ ಬಂದು ಪ್ರಯೋಜನ ಇಲ್ಲ."

ಷೆಡ್ ಬಿಡುವ ದಾರಿ ಒಂದು ಬೆಳಿಗ್ಗೆ ತಾನಾಗಿ ನಡೆದುಕೊಂಡು ಬಂತು. ವೈನ್ ತಯಾರಿಸುವ ಕಂಪನಿಯೊಂದರ ಖರೀದಿದಾರರು ಷೆಡ್ ನೋಡಲು ಬಂದರು. ಜೊತೆಯಲ್ಲಿ ನಮ್ಮ ಮ್ಯಾನೇಜರು. ಖರೀದಿದಾರರು ಎರಡು ಬಾಟಲಿ ಎತ್ತಿ, "ಇವಕ್ಕೇನು ವ್ಯತ್ಯಾಸ?" ಎಂದರು. ಮ್ಯಾನೇಜರು ಟೈ ಸರಿಮಾಡಿಕೊಂಡರು. ಟೈ ಸರಿಹೋಯಿತು, ಉತ್ತರ ಬರಲಿಲ್ಲ.

"ಇದು ಬೋರ್ಡೋ ಸಾರ್, ಅದು ಬರ್ಗಂಡಿ," ಎಂದುಬಿಟ್ಟೆ. ಸುಮ್ಮನಿದ್ದರೆ ಸಾಕಿತ್ತು.

"ಓಹೋ! ವೈನ್ ಗೊತ್ತು ನಿಮಗೆ. ಬೋರ್ಡೋ ಹೇಗೆ, ಹೇಳಿ ನೋಡೋಣ."

ನನಗೆ ಗೊತ್ತಿದ್ದದ್ದು ಪೆಟ್ಟಿಗೆಯ ಕಷ್ಟಸುಖ ಮಾತ್ರ. ಅದನ್ನೇ ಹೇಳಿದೆ. "ಸ್ವಲ್ಪ ಬಿಗುಮಾನ ಸಾರ್. ಶುರುವಲ್ಲಿ ಗಟ್ಟಿ ಅನ್ಸುತ್ತೆ. ಹೊಂದ್ಕೊಂಡ ಮೇಲೆ ಎಷ್ಟು ವರ್ಷ ಇಟ್ರೂ ಏನೂ ಆಗಲ್ಲ."

"ಬರ್ಗಂಡಿ?"

"ನೋಡೋಕೆ ಮೃದು ಸಾರ್. ಆದ್ರೆ ನಾಜೂಕು. ಸ್ವಲ್ಪ ಏರುಪೇರಾದ್ರೂ ಹೋಯ್ತು."

ಖರೀದಿದಾರರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಕೇಳಿದ ಎಷ್ಟೋ ಪಂಡಿತರು ಇಷ್ಟು ಚೆನ್ನಾಗಿ ಹೇಳಲಿಲ್ಲ ಕಣ್ರೀ," ಎಂದು ಮ್ಯಾನೇಜರ ಕೈ ಕುಲುಕಿದರು.

ಮ್ಯಾನೇಜರು ಸಂಜೆ ನನ್ನನ್ನು ಕರೆದರು. ಕಾರ್ಖಾನೆಯ ಮುಂಭಾಗದಲ್ಲಿ ಸ್ಯಾಂಪಲ್ ರೂಮು ಇತ್ತು. ಬಂದವರಿಗೆ ಬಾಟಲಿಯ ಮಾದರಿ ತೋರಿಸುವ ಕೋಣೆ. ಕಿಟಕಿಗೆ ಪರದೆ, ತಲೆಯ ಮೇಲೆ ಫ್ಯಾನು, ಬೆನ್ನು ಒರಗುವ ಕುರ್ಚಿ, ಎಲ್ಲಕ್ಕಿಂತ ಮಿಗಿಲಾಗಿ ಮುಚ್ಚಿದರೆ ಮುಚ್ಚಿಕೊಳ್ಳುವ ಬಾಗಿಲು. "ಅಲ್ಲಿ ಕೂರೋದು ನೀನೇ ಅಂತ ಅವರಿಗೆ ಹೇಳ್ಬಿಟ್ಟಿದೀನಿ," ಎಂದರು. "ಆದ್ರೆ ಮಾಲೀಕರು ಸರ್ಟಿಫಿಕೇಟ್ ಕೇಳ್ತಾರೆ. ಸಂಜೆ ಶಾಲೇಲಿ ವೈನಿನ ಮೂಲಪಾಠ ಅಂತ ಒಂದು ಕ್ಲಾಸಿದೆ. ಹೋಗಿ ಪಾಸಾಗು. ಪಾಸಾಗಲಿಲ್ಲ ಅನ್ನು, ನೀನು ವಾಪಸ್ಸು ಷೆಡ್ಡಿಗೆ, ನಾನು ವಾಪಸ್ಸು ಟೈಗೆ."

ಈಗ ಒಂದು ತೊಂದರೆಯನ್ನು ನಿಮಗೆ ತಿಳಿಸಬೇಕು. ನನ್ನ ಹೆಂಡತಿಗೆ ಒಬ್ಬ ಅಣ್ಣನಿದ್ದಾನೆ. ನನಗೆ ಭಾವ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಯವರ ತಕ್ಕಡಿಗೆ ಮುದ್ರೆ ಒತ್ತುವುದು ಅವರ ಉದ್ಯೋಗ, ಮನುಷ್ಯರಿಗೆ ಮುದ್ರೆ ಒತ್ತುವುದು ಅವರ ಹವ್ಯಾಸ. ಬಡಾವಣೆಯ ಪಾನವಿರೋಧಿ ಸಂಘಕ್ಕೆ ಅವರೇ ಅಧ್ಯಕ್ಷರು. ಅವರ ಮನೆಯ ಕಪಾಟಿನಲ್ಲಿ ಕೆಮ್ಮಿನ ಔಷಧದ ಸೀಸೆಯನ್ನು ಸಹ ಹೆಸರು ಕಾಣದ ಹಾಗೆ ಗೋಡೆಯ ಕಡೆ ತಿರುಗಿಸಿ ಇಟ್ಟಿರುತ್ತಾರೆ. ಇಂಥವರ ತಂಗಿಗೆ ನಾನು ವೈನ್ ಕಲಿಯಲು ಹೋಗುತ್ತೇನೆ ಎಂದು ಹೇಳುವುದು ಹೇಗೆ?

ಕ್ಲಾಸಿನ ಮೊದಲ ದಿನ ಮೇಡಂ ಮಣ್ಣಿನ ಪಾಠ ಮಾಡಿದರು. ಹಡಗಿನ ಊಟದ ಮನೆಯಲ್ಲಿ ದುಡಿದು ನಿವೃತ್ತರಾದ ಹೆಂಗಸು, ಗುಂಗುರು ಬಿಳಿ ಕೂದಲು, ಬೆಂಚಿನ ಮೇಲೆ ಕೂತವರ ಹಿಂದಿನ ಊಟ ಯಾವುದೆಂದು ದೂರದಿಂದಲೇ ಹೇಳಬಲ್ಲ ಮೂಗು. ಬಳ್ಳಿ, ಬೇರು, ಬಿಸಿಲು, ಕತ್ತರಿಸುವ ಕಾಲ ಎಲ್ಲ ವಿವರಿಸಿದರು. ಮನೆಗೆ ಬಂದು, "ಯಾವ ಕ್ಲಾಸು ರೀ?" ಎಂದು ಹೆಂಡತಿ ಕೇಳಿದಾಗ, "ದ್ರಾಕ್ಷಿ ಬೆಳೆಯೋ ಕ್ಲಾಸು," ಎಂದೆ. ಅವತ್ತಿನ ಮಟ್ಟಿಗೆ ಅದು ಅಪ್ಪಟ ನಿಜ. ಆಮೇಲೆ ಪಾಠ ತೋಟ ದಾಟಿ ತೊಟ್ಟಿಗೆ ಹೋಯಿತು, ತೊಟ್ಟಿಯಿಂದ ಪೀಪಾಯಿಗೆ ಹೋಯಿತು. ನನ್ನ ಮಾತು ಮಾತ್ರ ತೋಟದಲ್ಲೇ ನಿಂತಿತ್ತು.

"ಪಾಸಾದ್ರೆ ಸ್ಯಾಂಪಲ್ ರೂಮು," ಎಂದೂ ಹೇಳಿದೆ.

"ಷೆಡ್ಡು ತಪ್ಪುತ್ತಾ?"

"ತಪ್ಪುತ್ತೆ."

"ಹಾಗಿದ್ರೆ ದ್ರಾಕ್ಷಿಯಾದ್ರೂ ಬೆಳೀರಿ, ಕುಂಬಳಕಾಯಾದ್ರೂ ಬೆಳೀರಿ! ಪಾಸಾಗಿ!" ಎಂದು ಅವಳು ಕೂಗಿದಳು. ಕೆಳಗಿನಿಂದ ಟೈಲರಮ್ಮ, "ಆಗ್ತಾರೆ ಬಿಡ್ರೀ!" ಎಂದರು.

ಟೈಲರಮ್ಮನ ಬಾಗಿಲಲ್ಲಿ ಒಂದು ಗುಲಾಬಿ ಕುಂಡ ಇತ್ತು. ಯಾಕೋ ಹೂ ಬಿಡುತ್ತಿಲ್ಲ, ನೀವು ಓದುತ್ತಿದ್ದೀರಲ್ಲ, ಒಂದು ಮಾತು ಹೇಳಿ ಎಂದು ಅವರು ಕೇಳಿದರು. ಬಳ್ಳಿಯನ್ನು ಸುಖವಾಗಿ ಸಾಕಿದರೆ ಬರೀ ಎಲೆ ಬಿಡುತ್ತದೆ, ಕಲ್ಲುನೆಲದಲ್ಲಿ ನೀರಿಗೆ ಪರದಾಡಿದರೆ ಮಾತ್ರ ಹಣ್ಣಿಗೆ ರುಚಿ ಬರುತ್ತದೆ ಎಂದು ಮೇಡಂ ಹೇಳಿದ್ದು ನನಗೆ ಹಸಿಹಸಿಯಾಗಿ ನೆನಪಿತ್ತು. "ಕಷ್ಟ ಕೊಡಿ," ಎಂದೆ. "ನೀರು ಹಾಕ್ಬೇಡಿ. ಕಲ್ಲು ಹಾಕಿ." ಅವರು ನಂಬಿದರು. ಗುಲಾಬಿ ಕಷ್ಟಪಟ್ಟಿತು, ಆಮೇಲೆ ಸತ್ತಿತು. ಅಂದಿನಿಂದ ಟೈಲರಮ್ಮನ ಒಂದು ಕಣ್ಣು ಹೊಲಿಗೆಯ ಮೇಲೆ, ಇನ್ನೊಂದು ಕಣ್ಣು ನನ್ನ ಮೇಲೆ.

ಹೀಗಿರುವಾಗ ರುಚಿ ನೋಡುವ ಪಾಠ ಶುರುವಾಯಿತು. ನೀವು ತಪ್ಪು ತಿಳಿಯಬಾರದು. ವೈನಿನ ತರಗತಿಯಲ್ಲಿ ಯಾರೂ ಕುಡಿಯುವುದಿಲ್ಲ. ಲೋಟವನ್ನು ಓರೆಮಾಡಿ ಬಣ್ಣ ನೋಡಬೇಕು, ಅಲ್ಲಾಡಿಸಿ ಮೂಸಬೇಕು, ಒಂದು ಗುಟುಕು ಬಾಯಿಗೆ ತೆಗೆದುಕೊಂಡು ಗಾಳಿಯ ಜೊತೆ ಸುರ್‍ರೆಂದು ಎಳೆದು ನಾಲಿಗೆಯ ಮೇಲೆಲ್ಲ ಉರುಳಿಸಬೇಕು, ಆಮೇಲೆ ಬಕೆಟ್ಟಿಗೆ ಉಗುಳಬೇಕು. ನುಂಗಿದರೆ ಕೊನೆಯ ಲೋಟದ ಹೊತ್ತಿಗೆ ಎಲ್ಲ ಒಂದೇ ಎನ್ನಿಸುತ್ತದಂತೆ. ನಾನು ಹುಟ್ಟಿದಾಗಿನಿಂದ ಒಂದು ಹನಿ ನುಂಗಿದವನಲ್ಲ, ಅಲ್ಲೂ ನುಂಗಲಿಲ್ಲ. ಆದರೆ ಉಗುಳುವುದು ನಾವು ಅಂದುಕೊಂಡಷ್ಟು ಸುಲಭವಲ್ಲ. ತೆಳುವಾಗಿ, ನೇರವಾಗಿ, ಹನಿ ಚೆಲ್ಲದಂತೆ ಬಕೆಟ್ಟಿನ ನಡುವಿಗೆ ಬೀಳಬೇಕು. ನನ್ನದು ಮೊದಲ ದಿನ ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರ ಬಿಳಿ ಅಂಗಿಗೆ ಬಿತ್ತು. "ಅಭ್ಯಾಸ ಮಾಡಿ," ಎಂದರು ಮೇಡಂ.

ಮಾಡಿದೆ. ಪರೀಕ್ಷೆಯ ಭಯ ಇರುವವನು ಹೇಳಿದ್ದನ್ನೆಲ್ಲ ಮಾಡುತ್ತಾನೆ. ಹೆಂಡತಿ ಇಲ್ಲದ ಹೊತ್ತಿನಲ್ಲಿ ಕಡುಕಪ್ಪು ಚಹಾ ಕಾಯಿಸಿ ಆರಿಸಿ ಗಾಜಿನ ಲೋಟಕ್ಕೆ ಹಾಕಿಕೊಂಡು ಹಿತ್ತಿಲ ಕಡೆಯ ಬಾಲ್ಕನಿಯಲ್ಲಿ ನಿಂತೆ. ಬೆಳಕಿಗೆ ಹಿಡಿದೆ. ಮೂಸಿದೆ. ಕಣ್ಣು ಮುಚ್ಚಿ ಸುರ್‍ರೆಂದು ಎಳೆದೆ. ಕೆಳಗಿದ್ದ ಬಕೆಟ್ಟಿಗೆ ಗುರಿಯಿಟ್ಟೆ. ಗುರಿ ತಪ್ಪಲಿಲ್ಲ ಎಂದೇ ನನ್ನ ಭಾವನೆ, ಗಾಳಿ ಬಂತು. ಟೈಲರಮ್ಮ ಕೆಳಗೆ ಹರವಿದ್ದ ಬಿಳಿ ಬಟ್ಟೆಯ ಮೇಲೆ ಉದ್ದಕ್ಕೆ ಒಂದು ಗೆರೆ ಬಿತ್ತು.

ಅವರು ತಲೆ ಎತ್ತಿದರು. ಕೈಯಲ್ಲಿ ಲೋಟ, ಲೋಟದಲ್ಲಿ ಕಪ್ಪಗಿನ ದ್ರವ, ಕಣ್ಣು ಅರೆಮುಚ್ಚಿದ ನಾನು.

"ಕುಡಿಯೋರನ್ನ ನೋಡಿದೀನಿ," ಎಂದು ಸಂಜೆ ಅವರು ನನ್ನ ಹೆಂಡತಿಗೆ ಹೇಳಿದರಂತೆ. "ಹೊಟ್ಟೇಲಿ ಜಾಗ ಇಲ್ಲದೆ ಉಗುಳೋವಷ್ಟು ಕುಡಿಯೋರನ್ನ ಇವತ್ತೇ ನೋಡಿದ್ದು ಕಣ್ರೀ."

ನನ್ನ ಹೆಂಡತಿ ನಂಬಲಿಲ್ಲ. ಅವಳು ಯಾರ ಮಾತನ್ನೂ ಸುಲಭಕ್ಕೆ ನಂಬುವವಳಲ್ಲ, ನನ್ನದನ್ನು ಬಿಟ್ಟು. ಆದರೆ ಆವತ್ತು ಕ್ಲಾಸು ಮುಗಿಸಿ ಬಂದ ನಾನು ಬಾಗಿಲಲ್ಲಿ ಅವಳನ್ನು ನೋಡಿ ಅಭ್ಯಾಸದಂತೆ ಹಲ್ಲು ಬಿಟ್ಟೆ. ಕೆಂಪು ವೈನಿನ ಬಣ್ಣ ದ್ರಾಕ್ಷಿಯ ಸಿಪ್ಪೆಯಿಂದ ಬರುತ್ತದೆ ಎಂದು ಮೇಡಂ ಹೇಳಿದ್ದರು. ಅದು ಎಲ್ಲಿಗೆ ಹೋಗುತ್ತದೆ ಎಂದು ಹೇಳಿರಲಿಲ್ಲ. ಹಲ್ಲಿಗೆ ಹೋಗುತ್ತದೆ.

"ರೀ! ಹಲ್ಲು ಯಾಕೆ ನೇರಳೆ ಆಗಿದೆ?"

"ದ್ರಾಕ್ಷಿ ಕಣೇ," ಎಂದೆ. ಅದೂ ಅಪ್ಪಟ ನಿಜ.

"ಬೆಳೆಯೋ ಕ್ಲಾಸೋ, ಬೆಳೆದಿದ್ದನ್ನ ತಿನ್ನೋ ಕ್ಲಾಸೋ?"

"ಎರಡೂ," ಎಂದು ಬಚ್ಚಲಿಗೆ ಓಡಿದೆ.

ಮರುದಿನ ಅವಳು ಕಸ ಗುಡಿಸುತ್ತಿದ್ದಾಗ ಕಸಬರಿಗೆ ಬರ್ಗಂಡಿಗೆ ತಾಗಿತು. ಫ್ರಾನ್ಸಿನ ಸೀಮೆಗಳು ನನಗೆ ನಕ್ಷೆಯಲ್ಲಿ ನೆನಪಿರುತ್ತಿರಲಿಲ್ಲ. ಆದ್ದರಿಂದ ಕಾರ್ಖಾನೆಯಲ್ಲಿ ಕತ್ತು ಸೊಟ್ಟಗಾಗಿ, ಗಾಜಿನಲ್ಲಿ ಗುಳ್ಳೆ ಬಿದ್ದು ಎಸೆದ ಬಾಟಲಿಗಳನ್ನು ಕೇಳಿ ತಂದು ಮಂಚದ ಕೆಳಗೆ ಇಡೀ ದೇಶವನ್ನು ಜೋಡಿಸಿದ್ದೆ. ತಲೆಯ ಕಡೆ ಉತ್ತರ. ಎಡಗಾಲಿನ ಮೂಲೆಯಲ್ಲಿ, ಸಮುದ್ರದ ಪಕ್ಕ, ಬೋರ್ಡೋ. ನಡುವೆ ಬಲಕ್ಕೆ ಬರ್ಗಂಡಿ. ದಿಂಬಿನ ಕೆಳಗೆ ಬಲತುದಿಯಲ್ಲಿ ಅಲ್ಸಾಸ್. ಅದರ ಎಡಕ್ಕೆ ದಪ್ಪ ಗಾಜಿನ ಶಾಂಪೇನು. ರಾತ್ರಿ ಬೋರಲು ಮಲಗಿ ಕೈ ಕೆಳಗೆ ಬಿಟ್ಟು ತಡವಿ ನೋಡಿದರೆ ಯಾವ ಸೀಮೆ ಎಲ್ಲಿದೆ ಎಂದು ಗೊತ್ತಾಗಬೇಕು, ಅದು ನನ್ನ ಉಪಾಯ. ನನ್ನ ಹೆಂಡತಿ ಬಗ್ಗಿ ನೋಡಿದಾಗ ಅವಳಿಗೆ ಫ್ರಾನ್ಸ್ ಕಾಣಲಿಲ್ಲ. ಖಾಲಿ ಬಾಟಲಿಗಳ ರಾಶಿ ಕಂಡಿತು. ಅವಳು ಅಳಲಿಲ್ಲ, ಕೂಗಲಿಲ್ಲ. ಸೀದಾ ಹೋಗಿ ಅಣ್ಣನಿಗೆ ಫೋನು ಮಾಡಿದಳು.

ಭಾವ ಬಂದದ್ದು ಪರೀಕ್ಷೆಯ ದಿನ, ಮಧ್ಯಾಹ್ನ. ಇಲಾಖೆಯ ಚರ್ಮದ ಚೀಲ ಹಿಡಿದೇ ಬಂದರು. ಮಂಚದ ಕೆಳಗಿನಿಂದ ಬಾಟಲಿಗಳನ್ನು ಒಂದೊಂದಾಗಿ ಎಳೆದು ಹಜಾರದಲ್ಲಿ ಸಾಲಾಗಿ ನಿಲ್ಲಿಸಿದರು. ಟೈಲರಮ್ಮ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಬಂದು ಕಿಟಕಿಯ ಬಳಿ ಕೂತರು. ನಮ್ಮ ಮನೆಯಲ್ಲಿ ಬೆಳಕು ಚೆನ್ನಾಗಿದೆಯಂತೆ.

"ಏನು ಭಾವ ಇದು?" ಎಂದರು ಭಾವ. ನನ್ನನ್ನು ಅವರೂ ಭಾವ ಎಂದೇ ಕರೆಯುತ್ತಾರೆ. ಮರ್ಯಾದೆ ಕೊಟ್ಟೇ ಮರ್ಯಾದೆ ತೆಗೆಯುವ ಮನುಷ್ಯ.

"ಬಾಟಲಿ, ಭಾವ."

"ಅದು ಕಾಣುತ್ತೆ. ಇದರಲ್ಲಿದ್ದದ್ದು ಎಲ್ಲಿ?"

"ಇದರಲ್ಲಿ ಏನೂ ಇರಲಿಲ್ಲ. ಇವು ಹುಟ್ಟಿನಿಂದಲೇ ಖಾಲಿ."

ಭಾವ ತಂಗಿಯ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ಕುಡುಕರು ಏನೇನೋ ಹೇಳೋದನ್ನ ಕೇಳಿದೀನಿ. ನಾನಷ್ಟೇ ಅಲ್ಲ, ಬಾಟಲಿಯೂ ಒಂದು ತೊಟ್ಟು ಕುಡಿದಿಲ್ಲ ಅನ್ನೋನು ಇವನೊಬ್ಬ." ಬೋರ್ಡೋ ಎತ್ತಿ ಮೂಸಿ ನೋಡಿದರು. "ವಾಸನೆ ಇಲ್ಲ! ತೊಳೆದಿದ್ದಾನೆ! ಸಾಕ್ಷಿ ನಾಶ!"

"ತೊಳೆದಿಲ್ಲ ಭಾವ, ಹೊಸದು ಅದು."

"ಕತ್ತು ಸೊಟ್ಟಗಿದೆ."

"ಹುಟ್ಟುವಾಗಲೇ ಸೊಟ್ಟ."

"ಕುಡಿದು ಕುಡಿದು ಬಾಟಲಿ ಕತ್ತನ್ನೇ ತಿರುಚಿದಾರಲ್ರೀ," ಎಂದು ಟೈಲರಮ್ಮ ನಿಟ್ಟುಸಿರು ಬಿಟ್ಟರು.

ಅಲ್ಲಿಗೆ ನಾನು ತೋಟದಲ್ಲಿ ನಿಲ್ಲಿಸಿದ್ದ ಮಾತನ್ನು ಕೈಹಿಡಿದು ಕರೆತಂದೆ. ಖರೀದಿದಾರರು, ಮ್ಯಾನೇಜರು, ಮೇಡಂ, ಬಕೆಟ್ಟು ಎಲ್ಲ ಹೇಳಿದೆ. ಆರು ಗಂಟೆಗೆ ಪರೀಕ್ಷೆ ಎಂದೂ ಹೇಳಿದೆ. ಭಾವ ನಕ್ಕರು. ಅವರು ನಗುವುದು ವಿರಳ. ನಕ್ಕರೆ ಯಾರದೋ ಅಂಗಡಿ ಮುಚ್ಚುತ್ತದೆ ಎಂದರ್ಥ.

"ವೈನಿಗೆ ಪರೀಕ್ಷೆ! ಫೇಲಾದೋರು ಏನ್ಮಾಡ್ತಾರೆ, ಚೆನ್ನಾಗಿ ಕುಡಿದು ಮತ್ತೆ ಕಟ್ತಾರಾ?" ಎಂದು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತರು. "ತಂಗೀ, ಕುಡಿಯೋನಿಗೆ ಒಂದು ಹೊತ್ತು ಅಂತಿರುತ್ತೆ. ಆ ಹೊತ್ತಿಗೆ ಚಡಪಡಿಸ್ತಾನೆ, ಬೆವರ್ತಾನೆ, ಕೈ ನಡುಗುತ್ತೆ. ಆ ಹೊತ್ತು ದಾಟಿಸಿಬಿಟ್ರೆ ಅರ್ಧ ಗೆದ್ದಂಗೆ."

ಐದೂವರೆಯಾಯಿತು. ನಾನು ಚಡಪಡಿಸಿದೆ. ಪರೀಕ್ಷೆ ಇರುವವನು ಇನ್ನೇನು ಮಾಡಬೇಕು?

"ನೋಡಿದ್ಯಾ?" ಎಂದರು ಭಾವ.

ಬೆವರಿದೆ.

"ನೋಡಿದ್ಯಾ?"

ಬೆವರು ಒರೆಸಿಕೊಳ್ಳಲು ಎತ್ತಿದ ಕೈ ನಡುಗುತ್ತಿತ್ತು. ಟೈಲರಮ್ಮ ಸೂಜಿ ಕೆಳಗಿಟ್ಟು ಲೊಚಗುಟ್ಟಿದರು. "ಅಯ್ಯೋ, ಒಂದು ತೊಟ್ಟಾದ್ರೂ ಕೊಟ್ಟುಬಿಡಿ, ನೋಡೋಕಾಗಲ್ಲ."

ಅಲ್ಲಿಯತನಕ ನನ್ನ ಹೆಂಡತಿ ಗೋಡೆಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳ ತುಟಿ ಅಲುಗಿತು. ಏನೋ ಕೇಳಿದಳು. ಬಹಳ ಮೆಲ್ಲಗೆ, ಮದುವೆಯಾದ ಹೊಸದರಲ್ಲಿ ಕೇಳುತ್ತಿದ್ದ ಹಾಗೆ. ನನ್ನ ಕಿವಿಯ ಗುಂಯ್ ಅದನ್ನು ನುಂಗಿಹಾಕಿತು.

"ಆಂ?" ಎಂದೆ.

ಅವಳ ಮುಖ ಒಂದು ಕ್ಷಣ ಸೋತ ಹಾಗಾಯಿತು. ಆಮೇಲೆ ಉಸಿರು ಎಳೆದುಕೊಂಡು ಇಡೀ ಬೀದಿಗೆ ಕೇಳುವಂತೆ ಕೂಗಿದಳು. "ಸ್ಯಾಂಪಲ್ ರೂಮು ನಿಜಾನಾ ಅಂದೆ!"

"ನಿಜ ಕಣೇ."

"ಅಣ್ಣಾ, ಏಳು," ಎಂದಳು. "ಹೋಗಿ ನೋಡೋಣ. ಕ್ಲಾಸಿದ್ರೆ ಪರೀಕ್ಷೆ ಬರೀಲಿ. ಕ್ಲಾಸಿಲ್ದೆ ಹೆಂಡದಂಗಡಿ ಇದ್ರೆ ನಾನೇ ಅಲ್ಲೇ ಬಿಟ್ಟು ಬರ್ತೀನಿ."

ಭಾವನಿಗೆ ಅದು ಹಿಡಿಸಿತು. ತಪಾಸಣೆ ಎಂದರೆ ಅವರಿಗೆ ಹಸಿವು ಹೆಚ್ಚುತ್ತದೆ. ಹೀಗೆ ನಾನು ಮುಂದೆ, ಚೀಲ ಹಿಡಿದ ಭಾವ ಹಿಂದೆ, ಅವರ ಹಿಂದೆ ಹೆಂಡತಿ, ಅವಳ ಹಿಂದೆ ಕೊರಳಲ್ಲಿ ಅಳತೆಪಟ್ಟಿ ನೇತುಬಿಟ್ಟ ಟೈಲರಮ್ಮ, ಮೆರವಣಿಗೆಯಾಗಿ ಸಂಜೆ ಶಾಲೆಯ ಮೆಟ್ಟಿಲು ಹತ್ತಿದೆವು.

ಕೋಣೆಯಲ್ಲಿ ಬೆಂಚುಗಳು, ಕುರ್ಚಿಗಳು, ಕಪ್ಪುಹಲಗೆ, ಅದರ ಮೇಲೆ ಫ್ರಾನ್ಸಿನ ನಕ್ಷೆ. ಮೇಡಂ ಮೇಜಿನ ಮೇಲೆ ಬಾಟಲಿಗಳಿಗೆ ಬಟ್ಟೆಯ ಗವುಸು ತೊಡಿಸಿ ನಿಲ್ಲಿಸಿದ್ದರು. ಚೀಟಿ ಕಾಣದ ಹಾಗೆ, ಯಾವುದರಲ್ಲಿ ಯಾವ ವೈನು ಎಂದು ರುಚಿಯಿಂದಲೇ ಹೇಳಬೇಕು. ಒಬ್ಬೊಬ್ಬರ ಪಕ್ಕದಲ್ಲಿ ಒಂದೊಂದು ಬಕೆಟ್ಟು.

"ಪರೀಕ್ಷೆ ಕೋಣೇಲಿ ನೋಡೋರು ನಿಲ್ಲೋ ಹಾಗಿಲ್ಲ," ಎಂದರು ಮೇಡಂ. "ಬರೆಯೋರು ಮಾತ್ರ."

"ನಾನು ಇನ್ಸ್‌ಪೆಕ್ಟರು," ಎಂದರು ಭಾವ.

"ಹಾಗಿದ್ರೆ ಕೂತು ಇನ್ಸ್‌ಪೆಕ್ಟ್ ಮಾಡಿ," ಎಂದು ಮೇಡಂ ಅವರ ಮುಂದೂ ಲೋಟ ಇಟ್ಟರು. ಹೆಂಗಸರಿಬ್ಬರನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಬಾಗಿಲು ಮುಚ್ಚಲಿಲ್ಲ, ಟೈಲರಮ್ಮ ಕಾಲು ಅಡ್ಡ ಕೊಟ್ಟಿದ್ದರು.

ನಾನು ಕೂತು ಬಾಟಲಿಗಳ ಕಡೆ ನೋಡಿದೆ. ಗವುಸಿನೊಳಗೂ ಭುಜ ಕಾಣುತ್ತಿತ್ತು! ಮೊದಲನೆಯದು ಎತ್ತಿದ ಭುಜ, ಎರಡನೆಯದು ಇಳಿದ ಭುಜ, ಹೊದಿಕೆ ಹೊದ್ದು ಮಲಗಿದ ನೆಂಟರ ಹಾಗೆ ಗುರುತು ಸಿಗುತ್ತಿದ್ದವು. ಹಿಂದೊಮ್ಮೆ ತರಗತಿಯ ಚಹಾ ವಿರಾಮದಲ್ಲಿ ಈ ಭುಜದ ಲೆಕ್ಕವನ್ನು ನಾನೇ ಉಳಿದವರಿಗೆ ಹೇಳಿಕೊಟ್ಟಿದ್ದೆ. ಈಗ ಎಲ್ಲರ ಕಣ್ಣೂ ಗವುಸಿನ ಮೇಲೆ, ಎಲ್ಲರ ಮುಖದಲ್ಲೂ ನೆಮ್ಮದಿ. ಹಲ್ಲಿನ ಡಾಕ್ಟರು ನನ್ನತ್ತ ಕಣ್ಣು ಹೊಡೆದರು.

ನನಗೆ ನೆಮ್ಮದಿ ಆಗಲಿಲ್ಲ. ಇದು ನಕಲು ಮಾಡಿದ ಹಾಗಲ್ಲವೇ? ರುಚಿ ನೋಡಿ ಬರೆಯಿರಿ ಎಂದಿದ್ದಾರೆ, ಭುಜ ನೋಡಿ ಎಂದಿಲ್ಲ. ನಾಳೆ ಸ್ಯಾಂಪಲ್ ರೂಮಿನ ಕುರ್ಚಿಯಲ್ಲಿ ಬೆನ್ನು ಒರಗಿಸಿದಾಗಲೆಲ್ಲ ಕುರ್ಚಿಯೇ ಚುಚ್ಚಿದರೆ? ಕಣ್ಣು ಮುಚ್ಚಿದರೆ ಉತ್ತರ ಬರೆಯಲಾಗುವುದಿಲ್ಲ. ಎದ್ದು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಬಾಟಲಿಗಳಿಗೆ ಬೆನ್ನು ಮಾಡಿ ಕೂತೆ.

"ನೋಡ್ರೀ," ಎಂದು ಬಾಗಿಲಿನಿಂದ ಟೈಲರಮ್ಮನ ದನಿ ಬಂತು. "ಗೋಡೆ ಕಡೆ ತಿರುಗಿ ಕುಡೀತಿದಾರೆ. ಪಾಪ, ನಾಚಿಕೆ ಇನ್ನೂ ಉಳಿದಿದೆ."

ಮೊದಲ ಲೋಟ ಬಂತು. ಬಣ್ಣ ತೆಳು, ಬೆರಳು ಆಚೆ ಕಾಣುವಷ್ಟು. ಮೂಸಿದೆ, ಎಳೆದೆ, ಉರುಳಿಸಿದೆ. ಬಾಯಿ ಒಣಗಲಿಲ್ಲ. ಕಡುಚಹಾ ಕುಡಿದಾಗ ನಾಲಿಗೆ ಬಿಗಿಯುತ್ತದಲ್ಲ, ಅದು ಆಗಲಿಲ್ಲ. ಮೆತ್ತಗೆ ಬಂದು ಮೆತ್ತಗೆ ಹೋಯಿತು. ಬರ್ಗಂಡಿ, ಎಂದಿತು ನಾಲಿಗೆ. ಆದರೆ ಒಳಗೊಬ್ಬ ಷೆಡ್ಡಿನವನಿದ್ದಾನಲ್ಲ, ಅವನು ಭುಜ ಹಿಡಿದು ಅಲ್ಲಾಡಿಸಿದ. 'ಮೊದಲ ಬಾಟಲಿಯ ಭುಜ ಎತ್ತಿದ್ದು ಕಣ್ಣಾರೆ ನೋಡಿದ್ದೀಯ. ಅದು ಬೋರ್ಡೋ. ಇಷ್ಟು ವರ್ಷದ ಭುಜ ದೊಡ್ಡದೋ, ನಿನ್ನೆ ಮೊನ್ನೆಯ ನಾಲಿಗೆ ದೊಡ್ಡದೋ?' ನನ್ನ ನಾಲಿಗೆಯನ್ನು ಇದುವರೆಗೆ ಯಾರೂ ನಂಬಿರಲಿಲ್ಲ, ನಾನೂ ನಂಬಿರಲಿಲ್ಲ. ಆದರೆ ಭುಜ ನೋಡಬಾರದು ಎಂದೇ ತಾನೆ ಗೋಡೆಗೆ ತಿರುಗಿದ್ದು? ತಿರುಗಿದ ಮೇಲೆ ಹಿಂದಿನದನ್ನು ನೆನೆಯುವುದೂ ನಕಲೇ. 'ಬರ್ಗಂಡಿ' ಎಂದು ಬರೆದು, ಬೆನ್ನು ನೆಟ್ಟಗೆ ಮಾಡಿ ಬಕೆಟ್ಟಿಗೆ ಉಗುಳಿದೆ. ತೆಳುವಾಗಿ, ನೇರವಾಗಿ, ನಟ್ಟನಡುವಿಗೆ.

ಹಿಂದೆ ಏನೋ ಗಲಾಟೆ ಕೇಳಿಸಿತು.

"ಉಗುಳಿ ಸಾರ್," ಎನ್ನುತ್ತಿದ್ದರು ಮೇಡಂ.

"ಆಗಲ್ಲ," ಎನ್ನುತ್ತಿದ್ದರು ಭಾವ. "ಬಡಾವಣೆ ತುಂಬ 'ಇಲ್ಲಿ ಉಗುಳಬಾರದು' ಅಂತ ಬೋರ್ಡು ಹಾಕ್ಸಿರೋನು ನಾನು. ಎಲ್ಲರ ಮುಂದೆ ಉಗುಳ್ಲಾ? ತಪಾಸಣೆಗೆ ಬಾಯಿಗೆ ತಗೊಂಡಿದ್ದು ಒಳಗೇ ಹೋಗ್ಬೇಕು." ಗಟಕ್ ಎಂದಿತು. ಆಮೇಲೆ, "ಮೇಡಂ, ಪಕ್ಕದವರ ಲೋಟದಲ್ಲಿ ಇಷ್ಟಿದೆ, ನನ್ನದರಲ್ಲಿ ಇಷ್ಟೇ ಇದೆ. ಅಳತೆ ಕಡಿಮೆ! ಭರ್ತಿ ಮಾಡಿ."

ಕಾನೂನಿನ ಮಾತು, ಮೇಡಂ ಭರ್ತಿ ಮಾಡಿದರು. ಎರಡನೆಯ ಲೋಟಕ್ಕೂ ಅಳತೆ ಕಡಿಮೆ ಬಂತು. ಮೂರನೆಯದಕ್ಕೆ ಭಾವ ಕೇಳುವ ಮೊದಲೇ ಲೋಟ ಚಾಚಿದರು. ನಾನು ಗೋಡೆಯನ್ನೇ ನೋಡುತ್ತ ಬರೆಯುತ್ತಿದ್ದೆ. ಗೋಡೆಗೂ ಬೆವರು ಬಂದ ಹಾಗಿತ್ತು. ಎಲ್ಲರೂ ಉತ್ತರ ಕೊಟ್ಟು ಮುಗಿಸಿದ ಮೇಲೆ ತಿರುಗಿದರೆ, ಭಾವ ಎರಡನೆಯ ವೈನನ್ನೇ ಮತ್ತೆ ಭರ್ತಿ ಮಾಡಿಸಿಕೊಂಡು ಮೂಸುತ್ತಿದ್ದರು.

"ಇದರಲ್ಲಿ," ಎಂದು ಇದ್ದಕ್ಕಿದ್ದಂತೆ ಭಾವನ ದನಿ ಕೇಳಿಸಿತು. ಅಂಥ ಮೃದುವಾದ ದನಿ ಅವರಿಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. "ಇದರಲ್ಲಿ ಹೊಸ ಪೆನ್ಸಿಲು ಚೂಪು ಮಾಡಿದ ವಾಸನೆ ಇದೆ ಮೇಡಂ."

ಮೇಡಂ ನಿಂತರು. "ಇನ್ನೇನಿದೆ?"

"ಚರ್ಮ. ಹೊಸ ಚರ್ಮದ ಚೀಲ. ಕೆಲಸಕ್ಕೆ ಸೇರಿದ ದಿನ ನಮ್ಮಪ್ಪ ಕೊಡಿಸಿದ ಚೀಲ." ಭಾವ ಚೀಲವನ್ನು ಎದೆಗೆ ಅವಚಿಕೊಂಡರು. "ಆಮೇಲೆ, ಮಳೆ ನಿಂತ ಮೇಲೆ ಜಲ್ಲಿಕಲ್ಲು ಬರುತ್ತಲ್ಲ, ಅದು."

"ಬೋರ್ಡೋ," ಎಂದರು ಮೇಡಂ ಉಸಿರು ಬಿಗಿಹಿಡಿದು. "ಅಲ್ಲಿನ ನದಿಯ ಎಡದಂಡೆಯದು. ಯಾರ ಹತ್ತಿರ ಕಲಿತಿರಿ ಸಾರ್ ನೀವು?"

"ಕಲಿಯೋದೇನು ಬಂತು? ಕಾಯಿಸಿ ಆರಿಸಿದ ನೀರು ಬಿಟ್ಟು ಬೇರೆ ಏನೂ ಮುಟ್ಟದ ನಾಲಿಗೆ ಇದು. ಮುದ್ರೆ ಒತ್ತಿದ ನಾಲಿಗೆ!" ಎಂದು ಭಾವ ಅದನ್ನು ಹೊರಚಾಚಿ ತೋರಿಸಿದರು. ಕಡುನೇರಳೆ.

ಬಾಗಿಲ ಬಳಿ ನನ್ನ ಹೆಂಡತಿ ಅಣ್ಣನ ನಾಲಿಗೆ ನೋಡಿದಳು, ನನ್ನ ಬಕೆಟ್ಟು ನೋಡಿದಳು. ಅವಳ ಮುಖದಲ್ಲಿ ಎಷ್ಟೋ ದಿನಗಳ ಗಂಟು ಬಿಚ್ಚಿಕೊಂಡಿತು. ಮೇಡಂ ಅವಳ ಬಳಿ ಹೋಗಿ, "ನಿಮ್ಮ ಯಜಮಾನ್ರಾ ಅಮ್ಮಾ? ಹಡಗಿನಲ್ಲಿ ಎಷ್ಟೋ ಜನರನ್ನ ನೋಡಿದೀನಿ. ಇಷ್ಟು ಶ್ರದ್ಧೆಯಿಂದ ಉಗುಳೋರನ್ನ ನೋಡಿಲ್ಲ," ಎಂದರು. ಗಂಡನ ಬಗ್ಗೆ ಅಂಥ ಮಾತು ಕೇಳಿ ಹೆಂಗಸೊಬ್ಬಳು ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡದ್ದು ಅದೇ ಮೊದಲಿರಬೇಕು.

ಉತ್ತರಗಳನ್ನು ಮೇಡಂ ಅಲ್ಲೇ ತಿದ್ದಿದರು. ಮೊದಲನೆಯ ಲೋಟಕ್ಕೆ ತರಗತಿಯಲ್ಲಿ ಉಳಿದವರೆಲ್ಲರೂ ಬೋರ್ಡೋ ಎಂದು ಬರೆದಿದ್ದರು. ಅದು ಬರ್ಗಂಡಿ.

"ಭುಜ ನೋಡಿ ಬರೀತೀರಿ ಅಂತ ನನಗೆ ಗೊತ್ತಿತ್ತು," ಎಂದರು ಮೇಡಂ. "ನಿಮ್ಮ ಚಹಾ ವಿರಾಮ ನನ್ನ ಕಿಟಕಿ ಪಕ್ಕದಲ್ಲೇ ನಡೆಯೋದು. ಅದಕ್ಕೇ ಒಂದರದನ್ನ ಇನ್ನೊಂದಕ್ಕೆ ಸುರಿದಿಟ್ಟೆ. ಲೋಟದಲ್ಲಿ ಬಣ್ಣ ತೆಳ್ಳಗಿತ್ತು, ಬಾಯಿ ಒಣಗಲಿಲ್ಲ, ಆದ್ರೂ ಗವುಸನ್ನ ನಂಬಿದಿರಿ. ಗೋಡೆ ನೋಡಿದೋರು ಒಬ್ಬರೇ ಸರಿ ಬರೆದಿರೋದು."

"ನೀವೇ ತಾನೇ ಭುಜ ಅಂದಿದ್ದು!" ಎಂದು ಹಲ್ಲಿನ ಡಾಕ್ಟರು ನನ್ನ ಕಡೆ ತಿರುಗಿ ಹಲ್ಲು ಕಡಿದರು.

ನಾನು ಪಾಸಾದೆ. ಏನೂ ಮೆರೆಯುವ ಪಾಸಲ್ಲ, ಗೆರೆಗೆ ಕಾಲು ತಾಗಿಸಿದ ಪಾಸು. ಶಾಂಪೇನಿನ ಗುಳ್ಳೆಗೆ ಕಾರಣ ದಪ್ಪ ಗಾಜು ಎಂದು ಬರೆದಿದ್ದೆನಂತೆ. ದಪ್ಪ ಗಾಜಿಗೆ ಕಾರಣ ಗುಳ್ಳೆ ಎಂದು ಬರೆಯಬೇಕಿತ್ತು.

ಮನೆಗೆ ವಾಪಸ್ಸು ಬರುವಾಗ ಮೆರವಣಿಗೆಯ ಕ್ರಮ ಬದಲಾಗಿತ್ತು. ಭಾವ ಮುಂದೆ, ಅವರ ಕಂಕುಳಲ್ಲಿ ಕೈಕೊಟ್ಟು ನಾನು, ಚೀಲ ಹಿಡಿದು ಟೈಲರಮ್ಮ, ಕೊನೆಯಲ್ಲಿ ಹೆಂಡತಿ. ಹಣ್ಣಿನ ಗಾಡಿಯ ಬಳಿ ಭಾವ ನಿಂತರು. ಹಣ್ಣಿನವನು ಅವರನ್ನು ಕಂಡು ಬಿಳುಚಿಕೊಂಡು ತಕ್ಕಡಿಯನ್ನು ಬೆನ್ನ ಹಿಂದೆ ಅಡಗಿಸಿದ. ಭಾವ ಅದನ್ನು ಮೆಲ್ಲಗೆ ತೆಗೆದುಕೊಂಡು, ಎರಡು ತಟ್ಟೆಗೂ ಕೆನ್ನೆ ತಾಗಿಸಿ, ಬೀದಿಗೆಲ್ಲ ಕೇಳುವಂತೆ ಸಾರಿದರು. "ಎಲ್ಲಾರ ತಕ್ಕಡೀನೂ ಸರಿ ಇದೆ! ಎಲ್ಲಾರಿಗೂ ಮುದ್ರೆ! ಹೋಗ್ರೋ!"

ಕಿಟಕಿಗಳು ತೆರೆದುಕೊಂಡವು. ನಮ್ಮ ಬೀದಿಯ ಜನ ನ್ಯಾಯವಂತರು, ತೀರ್ಪು ಕೊಡಲು ತಡಮಾಡುವುದಿಲ್ಲ. "ನೋಡು, ಪಾಪ ಆ ದೇವರಂಥ ಭಾವನನ್ನೂ ಹಾಳುಮಾಡ್ದ," ಎಂದಿತು ಒಂದು ಕಿಟಕಿ.

ನನ್ನ ಹೆಂಡತಿ ಬೀದಿಯ ನಡುವೆ ನಿಂತಳು. ಸೊಂಟಕ್ಕೆ ಕೈ ಇಟ್ಟಳು. "ನನ್ನ ಗಂಡ ಒಂದು ಹನೀನೂ ನುಂಗಲ್ಲ!" ಎಂದು ಕೂಗಿದಳು. "ಎಲ್ಲಾನೂ ಉಗುಳ್ತಾರೆ! ಉಗುಳೋದ್ರಲ್ಲಿ ಪಾಸಾಗಿದಾರೆ!"

ಅಷ್ಟು ಜೋರಾಗಿ ಅವಳು ಕೂಗಿದ್ದು ಅದೇ ಕೊನೆ.

ನಾನೀಗ ಸ್ಯಾಂಪಲ್ ರೂಮಿನಲ್ಲಿ ಕೂರುತ್ತೇನೆ. ಬಾಗಿಲು ಮುಚ್ಚಿದರೆ ಮುಚ್ಚಿಕೊಳ್ಳುತ್ತದೆ. ಮೊದಮೊದಲು ಆ ನಿಶ್ಶಬ್ದಕ್ಕೆ ಹೆದರಿ ಬಾಟಲಿಗೆ ಬಾಟಲಿ ತಾಗಿಸಿ ಸದ್ದು ಮಾಡುತ್ತಿದ್ದೆ, ಈಗ ಅಭ್ಯಾಸವಾಗಿದೆ. ಭಾವ ಪಾನವಿರೋಧಿ ಸಂಘದ ಅಧ್ಯಕ್ಷರಾಗಿಯೇ ಇದ್ದಾರೆ. ಆದರೆ ವಾರದಲ್ಲಿ ಕೆಲವು ಸಂಜೆ ಸಭೆಗೆ ಸಿಗುವುದಿಲ್ಲ. ಅವರ ಮನೆಯಲ್ಲಿ ವಿಚಾರಿಸಿದರೆ ದ್ರಾಕ್ಷಿ ಬೆಳೆಯೋ ಕ್ಲಾಸಿಗೆ ಹೋಗಿದ್ದಾರೆ ಎಂದು ಉತ್ತರ ಬರುತ್ತದೆ. ಟೈಲರಮ್ಮನಿಗೆ ಹೊಸ ಗುಲಾಬಿ ತಂದುಕೊಟ್ಟಿದ್ದೇನೆ. ಅದಕ್ಕೆ ಹೊತ್ತುಹೊತ್ತಿಗೆ ನೀರು ಹಾಕುತ್ತಾರೆ. ನನ್ನ ಸಲಹೆ ಕೇಳುವುದಿಲ್ಲ.

ಕಿವಿಯ ಗುಂಯ್ ಯಾವಾಗ ಇಳಿಯಿತೋ ಗೊತ್ತಿಲ್ಲ. ಮೊನ್ನೆ ಊಟಕ್ಕೆ ಕೂತಿದ್ದೆ. ಹೆಂಡತಿ ಒಲೆಯ ಕಡೆ ಮುಖ ಮಾಡಿಕೊಂಡು, ಯಾರಿಗೋ ಎಂಬಂತೆ, ಪಿಸುಗುಟ್ಟಿದಷ್ಟು ಮೆತ್ತಗೆ ಅಂದಳು.

"ರೀ, ಉಪ್ಪು ಮುಗಿದಿದೆ."

"ತರ್ತೀನಿ," ಎಂದೆ.

ಅವಳು ತಿರುಗಿ ನೋಡಿದಳು. ನಾನೂ ನೋಡಿದೆ. ಆಗ ಕೆಳಗಿನ ಮನೆಯಿಂದ ಟೈಲರಮ್ಮನ ದನಿ ಬಂತು.

"ಆಂ? ಏನಂದ್ರಿ?"